ನೀರು ಇಟ್ಟವರು

ರನ್‌ಕಾರ್ನ್, ಬ್ರಿಸ್ಬೇನ್
2 ಮೇ 2015

ಹಂಸಾ,

ಮೊದಲೆಲ್ಲ ನಿನಗೆ ಬರೆಯುವಾಗ ‘ಚಿ. ಸೌ.’ ಎಂದು ಶುರು ಮಾಡುತ್ತಿದ್ದೆ. ಈಗ ಏನು ಬರೆಯಬೇಕೋ ತಿಳಿಯದೆ ಬರೀ ಹೆಸರು ಬರೆದಿದ್ದೇನೆ.

ಮಗಳು ಅನನ್ಯಾ ಎರಡು ಸಲ ನಿನ್ನ ನಂಬರ್ ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟಳು. ಎರಡು ಸಲವೂ ಕಟ್ ಮಾಡಿದೆ. ನಿನ್ನ ಧ್ವನಿ ಕೇಳಿದರೆ ಆ ಬೆಳಿಗ್ಗೆ ನೀನು ಬಚ್ಚಲುಮನೆಯ ಬಾಗಿಲು ಬಡಿದು ಕೂಗಿದ್ದೇ ಕಿವಿಗೆ ಬರುತ್ತದೆ. ಅದಕ್ಕೇ ಕಾಗದ.

ಹೋದ ಜುಲೈನಲ್ಲಿ ನಿಮ್ಮ ಮನೆಯ ಹಾಲ್‌ನಲ್ಲಿ ಎಲ್ಲರೆದುರು ನಾನು ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ಇದನ್ನು ಬರೆಯುತ್ತಿಲ್ಲ. ಹಿಮ ಬೀಳುವ ಸಂಜೆ ಮುಂಬಾಗಿಲ ಮೆಟ್ಟಿಲ ಮೇಲೆ ಬಕೆಟ್ ನೀರು ಚೆಲ್ಲಿ, ಒರೆಸದೆ ಹೋದವಳು ನೀನು. ಮರುದಿನ ಮೇಕೆಗಳಿಗೆ ನೀರಿಡುವ ಸರದಿ ನಿನ್ನದಾಗಿದ್ದರೂ ಮಲಗಿದ್ದವಳೂ ನೀನೇ. ನೀನೇ ಒಪ್ಪಿಕೊಂಡೆಯಲ್ಲ, “ಹೌದು ಅತ್ತೆ, ನಾನೇ ಚೆಲ್ಲಿದ್ದು” ಅಂತ. ಆ ನೀರು ಗಡ್ಡೆಯಾಗಿ ನನ್ನ ಮಗ ಜಾರಿದ. ಮೂವತ್ತನಾಲ್ಕು ವರ್ಷದ ಹುಡುಗ, ಮೇಕೆಗಳಿಗೆಂದು ಬಿಸಿನೀರಿನ ಕೆಟಲ್ ಹಿಡಿದುಕೊಂಡು.

ಕೇಳುವುದು ಒಂದೇ. ವರುಣ್ ಫ್ರಿಜ್ ಮೇಲೆ ಒಂದು ನೀಲಿ ರಟ್ಟಿನ ನೋಟ್‌ಬುಕ್ ಇಡುತ್ತಿದ್ದ. ರಾತ್ರಿ ಎಷ್ಟು ಚಳಿ ಬಿತ್ತು, ಮೇಕೆಗಳ ನೀರಿನ ಮೇಲೆ ಎಷ್ಟು ಗಡ್ಡೆ ಕಟ್ಟಿತು, ನೀರು ಇಟ್ಟವರು ಯಾರು, ಎಲ್ಲ ಅದರಲ್ಲಿ ಬರೆಯುತ್ತಿದ್ದ. ನಾನು ಅಲ್ಲಿದ್ದ ಮೂರು ವಾರದಲ್ಲಿ ದಿನಾ ತೋರಿಸುತ್ತಿದ್ದ. ಅದರಲ್ಲಿ ನನ್ನ ಮಗನ ಅಕ್ಷರ ಇದೆ. ಕಳಿಸು.

ಸರಸ್ವತಿ


ಮೌಂಟ್ ಬಾರ್ಕರ್, ಅಡಿಲೇಡ್
16 ಮೇ 2015

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದ ದಿನ ಅದನ್ನು ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಳಿತುಬಿಟ್ಟೆ. ನೀವು ಏನು ಬರೆದಿದ್ದರೂ ಸರಿ, ಬರೆದಿರಲ್ಲ ಎಂದು ಅಳು ಬಂತು.

ನೋಟ್‌ಬುಕ್ ಈ ಪಾರ್ಸೆಲ್‌ನಲ್ಲಿದೆ. ನಾನು ಅದನ್ನು ತೆರೆದಿಲ್ಲ. ಹತ್ತು ತಿಂಗಳಿಂದ ಫ್ರಿಜ್ ಒರೆಸುವಾಗ ಎತ್ತಿಡುತ್ತೇನೆ, ಅಷ್ಟೇ. ಅವರ ಅಕ್ಷರ ನೋಡುವ ಶಕ್ತಿ ನನಗಿಲ್ಲ.

ಮೇಕೆಗಳು ಕೆಂಪಿ, ಚುಕ್ಕಿ ಎರಡೂ ಚೆನ್ನಾಗಿವೆ. ಆದರೆ ಮೊನ್ನೆ ಈ ವರ್ಷದ ಮೊದಲ ಹಿಮ ಬಿತ್ತು. ಬೆಳಿಗ್ಗೆ ನೋಡಿದರೆ ಕಬ್ಬಿಣದ ತೊಟ್ಟಿಯ ನೀರಿನ ಮೇಲೆ ಗಡ್ಡೆ. ಎರಡೂ ಮೂತಿ ತಾಗಿಸಿ, ನನ್ನ ಮುಖ ನೋಡಿ, ಕುಡಿಯದೆ ಹೋದವು. ಹೋದ ವರ್ಷ ಅವರು ಹೋದ ಮೇಲೆ ಚಳಿಗಾಲ ಮುಗಿಯುವವರೆಗೆ ಪಕ್ಕದ ಜಮೀನಿನ ಅಜ್ಜ ಬಂದು ನೀರಿಟ್ಟು ಹೋಗುತ್ತಿದ್ದರು, ನನಗೆ ಯಾವುದರ ಪರಿವೆಯೂ ಇರಲಿಲ್ಲ. ಈ ಸಲ ಅವರಿಗೆ ಮಂಡಿ ನೋವು. ನೀರು ಕುಡಿಯದಿದ್ದರೆ ಮೇಕೆಗೆ ಹೊಟ್ಟೆ ಕಟ್ಟುತ್ತದಂತೆ. ಕುದಿಯುವ ನೀರು ಸುರಿದೆ. ಗಡ್ಡೆ ಕರಗಿತು, ಒಂದು ಗಂಟೆಯಲ್ಲಿ ಮತ್ತೆ ಮಂಜಿನಂತೆ ತಣ್ಣಗಾಯಿತು. ನನ್ನ ಸರದಿಯಲ್ಲಿ ನಾನು ಬರೀ ನೀರು ತುಂಬುತ್ತಿದ್ದೆ, ಉಳಿದದ್ದನ್ನು ವರುಣ್ ಹೇಗೆ ಮಾಡುತ್ತಿದ್ದರೋ.

ಪರ್ತ್‌ನಿಂದ ನಾಗೇಂದ್ರಣ್ಣ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. “ಅಲ್ಲಿ ಒಬ್ಳೇ ಏನ್ ಮಾಡ್ತೀಯ? ಜಾಗ ಮಾರ್ಬಿಟ್ಟು ಇಲ್ಲಿಗೆ ಬಂದ್ಬಿಡು, ಇಲ್ಲಿ ಈ ಥರ ಚಳಿನೂ ಇಲ್ಲ” ಅನ್ನುತ್ತಾನೆ. ಕಿಲ್ಬರ್ನ್‌ನ ಬಾಡಿಗೆ ಮನೆಯಲ್ಲಿದ್ದಾಗ ವರುಣ್ ಈ ಜಾಗಕ್ಕಾಗಿ ಎಷ್ಟು ಹಂಬಲಿಸಿದರು ಎಂದು ಅವನಿಗೆ ಗೊತ್ತಿಲ್ಲ. ಮಾಸನ್ ಲೇಕ್ಸ್‌ನ ಆಫೀಸಿಗೆ ದಿನಾ ಒಂದು ಗಂಟೆ ಡ್ರೈವ್ ಮಾಡುತ್ತಿದ್ದರು, ಎರಡು ಮೇಕೆಗಳಿಗೋಸ್ಕರ.

ಇಂತಿ,
ಹಂಸಾ


ರನ್‌ಕಾರ್ನ್
28 ಮೇ 2015

ಹಂಸಾ,

ಕುದಿಯುವ ನೀರು ಸುರಿಯುವುದನ್ನು ಮೊದಲು ನಿಲ್ಲಿಸು. ಪ್ರಾಣಿಗಳ ಬಾಯಿ ಸುಟ್ಟೀತು. ವೃದ್ಧಾಶ್ರಮದಲ್ಲಿ ಅಷ್ಟು ಮಂದಿ ಮುದುಕರನ್ನು ನೋಡಿಕೊಳ್ಳುವವಳಿಗೆ ಇದನ್ನು ಹೇಳಬೇಕೆ?

ನೋಟ್‌ಬುಕ್ ಬಂತು. ದಿನಕ್ಕೆ ಎರಡೇ ಪುಟ ಎಂದು ಓದುತ್ತಿದ್ದೇನೆ, ಮುಗಿದುಹೋಗಬಾರದಲ್ಲ. ಅವನು ಗಡ್ಡೆಯ ದಪ್ಪವನ್ನು ಅಳೆದಿರುವ ರೀತಿ ನಿನಗೆ ಗೊತ್ತೇ? ಮಿಲಿಮೀಟರ್ ಇಲ್ಲ, ಸೆಂಟಿಮೀಟರ್ ಇಲ್ಲ. ಹಪ್ಪಳದಷ್ಟು, ದೋಸೆಯಷ್ಟು, ಅಕ್ಕಿರೊಟ್ಟಿಯಷ್ಟು! ಇಂಜಿನಿಯರ್ ಅಂತೆ ಇಂಜಿನಿಯರ್. ಒಂದು ಸಾಲು ಹೀಗಿದೆ: ‘ಜೂನ್ 9. ಮೈನಸ್ 1. ಗಡ್ಡೆ ದೋಸೆಯಷ್ಟು. ನೀರು ಇಟ್ಟವರು: ಹಂಸಾ. (ಬೈದುಕೊಂಡೇ ಇಟ್ಟಳು.)’ ನಾನು ನಕ್ಕೆ. ಆಮೇಲೆ ನಕ್ಕಿದ್ದಕ್ಕೆ ಅತ್ತೆ. ಮೊಮ್ಮಗಳು ಗಾನವಿ ಓಡಿ ಬಂದು “ಅಜ್ಜಿ, ಆರ್ ಯು ಓಕೆ?” ಅಂದಳು.

ಅವನು ಮಾಡುತ್ತಿದ್ದುದನ್ನು ಬರೆಯುತ್ತೇನೆ, ಹಾಗೇ ಮಾಡು. ಕಬ್ಬಿಣದ ತೊಟ್ಟಿ ಬೇಡ, ಅದು ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ಶೆಡ್ಡಿನ ಹಿಂದೆ ಕಪ್ಪು ರಬ್ಬರ್ ಟಬ್ ಇದೆಯಂತೆ, ಅದರಲ್ಲಿಡು. ಅದನ್ನು ಹಳೆಯ ಟೈರಿನೊಳಗೆ ಕೂರಿಸಿ, ಸಂದಿಗೆ ಒಣಹುಲ್ಲು ತುಂಬು. ಬೆಳಗಿನ ಬಿಸಿಲು ಮೊದಲು ಬೀಳುವ ಕಡೆ ಇಡು. ಟಬ್ ತುಂಬ ನೀರಿರಲಿ, ಆಳವಾದ ನೀರು ನಿಧಾನವಾಗಿ ಗಟ್ಟಿಯಾಗುತ್ತದೆ. ಒಂದು ಪ್ಲಾಸ್ಟಿಕ್ ಬಾಟಲಿಗೆ ಗಟ್ಟಿ ಉಪ್ಪುನೀರು ತುಂಬಿ, ಮುಚ್ಚಳ ಬಿಗಿಮಾಡಿ ನೀರಿನ ಮೇಲೆ ತೇಲಿಬಿಡು. ಉಪ್ಪುನೀರು ಬೇಗ ಗಡ್ಡೆಯಾಗುವುದಿಲ್ಲ. ಬಾಟಲಿ ಗಾಳಿಗೆ ಅಲುಗಾಡುತ್ತ ಕೆನೆ ಕಟ್ಟಲು ಬಿಡುವುದಿಲ್ಲ. ಉಪ್ಪು ಬಾಟಲಿಯೊಳಗೆ, ನೆನಪಿರಲಿ, ಕುಡಿಯುವ ನೀರಿಗಲ್ಲ.

ಅದರ ಮುಂದೆ ಅವನು ಬರೆದುಕೊಂಡಿದ್ದಾನೆ: ‘ಅಮ್ಮನ ಪಾಠ, ಏಳನೇ ಕ್ಲಾಸು.’ ಮೈಸೂರಿನ ನನ್ನ ಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಹೇಳಿಕೊಟ್ಟೆ. ಒಬ್ಬ ವಿದ್ಯಾರ್ಥಿಯಾದರೂ ಅದನ್ನು ಬಳಸಿದನಲ್ಲ.

ಕೊನೆಯ ಪುಟ ಓದಿಲ್ಲ. ಜುಲೈ ಹನ್ನೆರಡಕ್ಕೆ ನಿಲ್ಲಿಸಿದ್ದೇನೆ.

ಸರಸ್ವತಿ


ಮೌಂಟ್ ಬಾರ್ಕರ್
14 ಜೂನ್ 2015

ಪೂಜ್ಯ ಅತ್ತೆಯವರಿಗೆ,

ನೀವು ಹೇಳಿದ ಹಾಗೇ ಮಾಡಿದೆ. ನಿನ್ನೆ ರಾತ್ರಿ ಮೈನಸ್ ಒಂದು. ಬೆಳಿಗ್ಗೆ ಬಾಟಲಿ ತೇಲುತ್ತಿತ್ತು, ಕೆಂಪಿ ಅದನ್ನು ಮೂತಿಯಿಂದ ಪಕ್ಕಕ್ಕೆ ತಳ್ಳಿ ಕುಡಿದಳು. ಹಪ್ಪಳವೂ ಇಲ್ಲ ಅತ್ತೆ! ಖುಷಿಯಾಗಿ ಒಳಗೆ ತಿರುಗಿ “ರೀ, ನೋಡಿ ಬನ್ನಿ” ಅಂದುಬಿಟ್ಟೆ. ಆಮೇಲೆ ಅಲ್ಲೇ ಹುಲ್ಲಿನ ಮೇಲೆ ಕುಳಿತುಕೊಂಡೆ, ಬಟ್ಟೆಯೆಲ್ಲ ಒದ್ದೆಯಾಯಿತು.

ನಾನು ಮುಂಬಾಗಿಲು ಬಳಸುವುದಿಲ್ಲ. ಹಿಂದಿನ ಲಾಂಡ್ರಿ ಬಾಗಿಲಿನಿಂದಲೇ ಓಡಾಡುತ್ತೇನೆ. ಚುಕ್ಕಿ ಮಾತ್ರ ಈಗಲೂ ದಿನಾ ಬೆಳಿಗ್ಗೆ ಮುಂದಿನ ಬೇಲಿಯ ಹತ್ತಿರ ಬಂದು ಮೆಟ್ಟಿಲ ಕಡೆ ನೋಡುತ್ತ ನಿಲ್ಲುತ್ತದೆ.

ಒಂದು ಅನುಮಾನ, ಟೀಚರ್ ಅಲ್ಲವೇ ನೀವು. ಟಬ್ ಚೆನ್ನಾಗಿದೆ, ಆದರೆ ಹಕ್ಕಿಗಳಿಗೆಂದು ಅವರು ಮಣ್ಣಿನ ತಟ್ಟೆಯಲ್ಲಿ ನೀರಿಡುತ್ತಿದ್ದರಲ್ಲ, ಅದು ಅದೇ ಅಂಗಳದಲ್ಲಿ, ಅದೇ ಚಳಿಯಲ್ಲಿ ಪೂರ್ತಿ ಕಲ್ಲಾಗಿತ್ತು. ಹಾಗೇಕೆ?

ಜಾಗ ಮಾರಾಟಕ್ಕೆ ಹಾಕಿದ್ದೇನೆ. ಮೇಕೆಗಳನ್ನು ಪಕ್ಕದ ಅಜ್ಜನ ಮಗಳು ತೆಗೆದುಕೊಳ್ಳುತ್ತಾಳಂತೆ. ಅದಕ್ಕೆ ಮೊದಲು ಇಲ್ಲೇ ವರ್ಷದ ತಿಥಿ ಮಾಡಬೇಕೆಂದಿದೆ. ಈ ಸಲ ಅಧಿಕ ಆಷಾಢ ಬಂದು ತಿಥಿ ಆಗಸ್ಟ್ ನಾಲ್ಕಕ್ಕೆ ಹೋಗಿದೆ. ನೀವು ಬರುತ್ತೀರಾ ಎಂದು ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಇಂತಿ,
ಹಂಸಾ


ರನ್‌ಕಾರ್ನ್
27 ಜೂನ್ 2015

ಹಂಸಾ,

ನಿನ್ನ ಅನುಮಾನಕ್ಕೆ ಉತ್ತರವನ್ನು ಎರಡು ಸಾಲಿನಲ್ಲಿ ಬರೆಯಬಹುದಿತ್ತು. ಆದರೆ ಮಾಡಿ ತೋರಿಸದೆ ಹೇಳುವ ಅಭ್ಯಾಸ ನನಗಿಲ್ಲ. ಶನಿವಾರ ಗಾನವಿಯನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಒಂದು ಪಾತ್ರೆಯಲ್ಲಿ ನೀರು, ಒಂದು ತಟ್ಟೆಯಲ್ಲಿ ನೀರು. ಮೂರನೆಯದಾಗಿ, ಇನ್ನೂ ತೆಳ್ಳಗಿದ್ದರೆ ಏನಾಗುತ್ತದೆಂದು ನೋಡೋಣ ಎಂದು, ಗ್ಯಾರೇಜಿನಲ್ಲಿ ಬಿದ್ದಿದ್ದ ಒಂದು ನೆಲದ ಕಲ್ಲುಬಿಲ್ಲೆಯನ್ನು ತೊಳೆದು ತಂದೆ. ಅದರ ಮೇಲೆ ನೀರು ನಿಲ್ಲುವುದಿಲ್ಲವಲ್ಲ. ಹಾಗಾಗಿ ಅಂಗೈಯಲ್ಲಿ ನೀರು ತೆಗೆದುಕೊಂಡು ಚಿಮುಕಿಸಿದೆ.

ಕೈ ತಾನಾಗಿ ಹೋಯಿತು ಹಂಸಾ. ಐವತ್ತು ವರ್ಷದಿಂದ ದಿನಾ ಬೆಳಿಗ್ಗೆ ಹೊಸ್ತಿಲಿಗೆ, ಮೆಟ್ಟಿಲಿಗೆ ಚಿಮುಕಿಸುತ್ತಿರುವ ಕೈ.

ಮೂರನ್ನೂ ಫ್ರೀಜರಿನಲ್ಲಿಟ್ಟೆವು. ಇಪ್ಪತ್ತು ನಿಮಿಷಕ್ಕೆ ತೆಗೆದಾಗ ಪಾತ್ರೆಯ ನೀರು ನೀರಾಗಿಯೇ ಇತ್ತು. ತಟ್ಟೆಯ ಅಂಚು ಬಿಗಿದಿತ್ತು. ಕಲ್ಲಿನ ಮೇಲೆ ಗಾಜು ಬಳಿದ ಹಾಗಿತ್ತು. ಗಾನವಿ ಬೆರಳಿಟ್ಟು “ಇಟ್ಸ್ ಸೋ ಸ್ಲಿಪರಿ, ಅಜ್ಜಿ” ಅಂದಳು.

ಮಗುವನ್ನು ಹೊರಗೆ ಕಳಿಸಿ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದೆ. ಅವನು ಬರೆದಿರುವುದನ್ನು ಹಾಗೇ ಇಳಿಸುತ್ತಿದ್ದೇನೆ. ‘ಜುಲೈ 14, ಸಂಜೆ. ಹಂಸಾ ಮಧ್ಯಾಹ್ನದಿಂದಲೇ ಡ್ಯೂಟಿ, ಬರುವಾಗ ಹನ್ನೊಂದಾಗುತ್ತೆ. ನೀರು ಇಟ್ಟವರು: ನಾನು. ನಾಳೆ ಬೆಳಿಗ್ಗೆ ಅವಳ ಸರದಿ, ಎಬ್ಬಿಸಲ್ಲ, ಪಾಪ.’ ಅದರ ಕೆಳಗೆ ‘ಜುಲೈ 15’ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಾನೆ.

ಸಂಜೆ ನೀನು ಮನೆಯಲ್ಲೇ ಇರಲಿಲ್ಲ, ಆ ದುಃಖದಲ್ಲಿ ನನಗೆ ಅದು ನೆನಪೇ ಆಗಲಿಲ್ಲ. ಬಕೆಟ್ ಎಲ್ಲಿಂದ ಬಂತು?

ನಿಮ್ಮಲ್ಲಿಗೆ ಬಂದ ಮೇಲೆ ಚಳಿಗೆ ತಡವಾಗಿ ಏಳುತ್ತಿದ್ದೆ, ಆ ದಿನ ಮಾತ್ರ ಐದೂವರೆಗೆ ಎದ್ದೆ. ಇನ್ನೂ ಕತ್ತಲೆ. ದೀಪ ಹಾಕಿ, ಬಾಗಿಲು ತೆಗೆದು, ಚೊಂಬಿನಿಂದ ಮೆಟ್ಟಿಲಿಗೆ ನೀರು ಚಿಮುಕಿಸಿ, ಎಂಟು ಚುಕ್ಕಿಯ ರಂಗೋಲಿ ಹಾಕಿ ಸ್ನಾನಕ್ಕೆ ಹೋದೆ. ಕೈ ಮರಗಟ್ಟಿತ್ತು. ಈ ದೇಶದಲ್ಲಿ ಎಂಥ ಚಳಿಯಪ್ಪ ಅಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ. ನಮ್ಮ ಮೈಸೂರಿನಲ್ಲಿ ಹೊಸ್ತಿಲ ನೀರು ಆರುತ್ತದೆ. ಗಟ್ಟಿಯಾಗುವುದನ್ನು ಯಾರು ಕಂಡಿದ್ದಾರೆ? ಸೊನ್ನೆ ಡಿಗ್ರಿಗೆ ನೀರು ಹೆಪ್ಪುಗಟ್ಟುತ್ತದೆ ಎಂದು ಬೋರ್ಡಿನ ಮೇಲೆ ಸಾವಿರ ಸಲ ಬರೆದಿದ್ದೇನೆ.

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೆಟ್ಟಿಲು ತೊಳೆದಿತ್ತು, ರಂಗೋಲಿ ಇರಲಿಲ್ಲ. ಸಾವಾದ ಮನೆಯ ಮುಂದೆ ರಂಗೋಲಿ ಇರಬಾರದೆಂದು ಅಳಿಸಿದ್ದೀಯ ಅಂದುಕೊಂಡೆ. ಆದರೆ ಆಗಿನ್ನೂ ಆಂಬುಲೆನ್ಸೇ ಬಂದಿರಲಿಲ್ಲ. ಅವನು ಹೋದ ಎಂದು ಯಾರೂ ಹೇಳಿರಲಿಲ್ಲ.

ಹೇಳು ಹಂಸಾ. ಮೆಟ್ಟಿಲ ಮೇಲಿದ್ದದ್ದು ಯಾರ ನೀರು? ಇನ್ನೊಂದು ಸುಳ್ಳು ಬರೆದರೆ ನನಗೆ ಗೊತ್ತಾಗುತ್ತದೆ.

ಸರಸ್ವತಿ


ಪರ್ತ್
12 ಜುಲೈ 2015

ಅತ್ತೆಗೆ,

ಅಣ್ಣನ ಮನೆಯಿಂದ ಬರೆಯುತ್ತಿದ್ದೇನೆ. ಕೆಲಸದ ಇಂಟರ್‌ವ್ಯೂಗೆ ಬಂದಿದ್ದೆ. ನಿಮ್ಮ ಕಾಗದವನ್ನು ಹತ್ತು ದಿನದಿಂದ ಬ್ಯಾಗಿನಲ್ಲಿ ಹೊತ್ತು ತಿರುಗುತ್ತಿದ್ದೇನೆ. ಆ ಮನೆಯಲ್ಲಿ ಕುಳಿತು ಇದನ್ನು ಬರೆಯಲಾಗುತ್ತಿರಲಿಲ್ಲ.

ನೋಟ್‌ಬುಕ್ ಓದಿ ಕಳಿಸಬೇಕಿತ್ತು. ಓದಿದ್ದರೆ ಆ ಹಾಳೆ ಹರಿದುಬಿಡುತ್ತಿದ್ದೆ.

ಕೆಟಲ್ ಬಿದ್ದ ಸದ್ದಿಗೆ ಎಚ್ಚರವಾಯಿತು. ಬಾಗಿಲಿಗೆ ಬಂದವಳು ನಾನೂ ಜಾರಿದೆ, ಚೌಕಟ್ಟು ಹಿಡಿದು ಉಳಿದೆ. ದೀಪ ಉರಿಯುತ್ತಿತ್ತು. ನಿಮ್ಮ ರಂಗೋಲಿಯ ಒಂದು ಗೆರೆಯೂ ಕದಡಿರಲಿಲ್ಲ. ಪುಡಿ ಗಡ್ಡೆಯೊಳಗೆ ಸೇರಿ ಕಲ್ಲಿಗೆ ಅಂಟಿಕೊಂಡಿತ್ತು. ಅವರು ಕೆಳಗೆ ಮೆಟ್ಟಿಲ ಅಂಚಿಗೆ ತಲೆ ಕೊಟ್ಟು ಬಿದ್ದಿದ್ದರು. ಆಂಬುಲೆನ್ಸಿಗೆ ಫೋನ್ ಮಾಡಿದೆ, ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಉಸಿರಿತ್ತು. ಒಳಗೆ ಬಚ್ಚಲಲ್ಲಿ ನೀವು ದೇವರನಾಮ ಹಾಡಿಕೊಳ್ಳುತ್ತಿದ್ದಿರಿ, ಅದು ಕೇಳಿಸುತ್ತಿತ್ತು.

ಇನ್ನು ಸ್ವಲ್ಪ ಹೊತ್ತಿಗೆ ನೀವು ಹೊರಗೆ ಬರುತ್ತೀರಿ, ಇದನ್ನು ನೋಡುತ್ತೀರಿ ಅನ್ನಿಸಿತು. ಅವರ ತಲೆಯನ್ನು ಕೆಳಗಿಟ್ಟು ಎದ್ದೆ ಅತ್ತೆ. ಅಡುಗೆಮನೆಯ ನಲ್ಲಿಯಿಂದ ಬಿಸಿನೀರು ತಂದು ಮೆಟ್ಟಿಲ ಮೇಲೆ ಸುರಿದು, ಬರಿಗಾಲಲ್ಲಿ ಉಜ್ಜಿದೆ. ಆಮೇಲೆ ಬಂದು ನಿಮ್ಮ ಬಾಗಿಲು ಬಡಿದೆ. ಎಲ್ಲ ಸೇರಿ ಎರಡು ನಿಮಿಷ ಇರಬಹುದು. ವಾಪಸು ಬಂದಾಗ ಉಸಿರಿರಲಿಲ್ಲ. ಕಣ್ಣು ತೆರೆದಿತ್ತು.

ಮೊದಲು ಕಣ್ಣು ಮುಚ್ಚಿತ್ತು ಅತ್ತೆ. ಆ ಎರಡು ನಿಮಿಷದಲ್ಲಿ ಅವರು ಕಣ್ಣು ಬಿಟ್ಟಿದ್ದಾರೆ. ಯಾರನ್ನು ನೋಡಲು ಬಿಟ್ಟರು? ನಾನು ಅಲ್ಲಿರಲಿಲ್ಲ. ನಾನು ಪಕ್ಕದಲ್ಲಿದ್ದಿದ್ದರೂ ಉಳಿಯುತ್ತಿರಲಿಲ್ಲ ಎಂದು ಆಂಬುಲೆನ್ಸಿನವರು ಹೇಳಿದರು. ಉಳಿಯುವ ಮಾತಲ್ಲ ನನ್ನದು.

ನೆಲ ಹೇಗೆ ಒದ್ದೆಯಾಯಿತು ಎಂದು ಎಲ್ಲರೂ ಕೇಳಿದಾಗ ಬಕೆಟ್ ಎಂಬ ಮಾತು ಬಾಯಿಗೆ ಬಂತು. ನನ್ನನ್ನು ಬೈದುಕೊಂಡಾದರೂ ನೀವು ಬದುಕಿರುತ್ತೀರಿ, ನಿಮ್ಮನ್ನೇ ಬೈದುಕೊಳ್ಳುವಂತಾದರೆ ಇರುವುದಿಲ್ಲ ಅನ್ನಿಸಿತು. ಅವರಿಗೆ ಅಮ್ಮ ಅಂದರೆ ಪ್ರಾಣ. ಅವರಿದ್ದಿದ್ದರೂ ಇದನ್ನೇ ಮಾಡುತ್ತಿದ್ದರು.

ನನ್ನನ್ನು ಇನ್ನಷ್ಟು ಬೈಯಿರಿ. ಆದರೆ ಉತ್ತರ ಬರೆಯದೆ ಇರಬೇಡಿ.

ಹಂಸಾ


ಮೌಂಟ್ ಬಾರ್ಕರ್
5 ಆಗಸ್ಟ್ 2015

ನನ್ನ ಹಂಸಾ,

ನಿನ್ನದೇ ಅಡುಗೆಮನೆಯ ಮೇಜಿನ ಮುಂದೆ ಕುಳಿತು ನಿನಗೇ ಕಾಗದ ಬರೆಯುತ್ತಿದ್ದೇನೆ, ಎಂಥ ಅತ್ತೆ ನೋಡು. ನೀನು ಡ್ಯೂಟಿಗೆ ಹೋಗಿದ್ದೀಯ. ನೀನು ಬರುವಷ್ಟರಲ್ಲಿ ಅನನ್ಯಾ, ಅಳಿಯ ಉತ್ತಮ್ ನನ್ನನ್ನು ಏರ್‌ಪೋರ್ಟಿಗೆ ಕರೆದುಕೊಂಡು ಹೋಗಿರುತ್ತಾರೆ.

ನಾನು ಬಂದು ಮೂರು ದಿನವಾಯಿತು. ಒಟ್ಟಿಗೆ ಅಡುಗೆ ಮಾಡಿದೆವು, ತಿಥಿ ಮುಗಿಸಿದೆವು, ಅವನಿಗೆ ಇಷ್ಟ ಎಂದು ನೀನು ಹೆಸರುಬೇಳೆ ಪಾಯಸ ಮಾಡಿದೆ, ನಾನು ಏಲಕ್ಕಿ ಕಡಿಮೆಯಾಯಿತು ಅಂದೆ. ಆ ವಿಷಯವನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಎದುರಿಗೆ ಆಡಲಾಗದ ಮಾತು ಕಾಗದದಲ್ಲಿ ಮಾತ್ರ ಬರುತ್ತದೆ.

ಒಂದು, ಆ ಎರಡು ನಿಮಿಷದ ಮಾತು. ಅದು ನಿನ್ನದಲ್ಲ, ನನ್ನದು. ನೀನು ನನಗಾಗಿ ಎದ್ದುಹೋದೆ. ಅವನು ಕಣ್ಣು ಬಿಟ್ಟಾಗ ಏನಾದರೂ ಕಂಡಿದ್ದರೆ, ತನ್ನ ಹೆಂಡತಿ ತನ್ನ ತಾಯಿಯನ್ನು ಉಳಿಸಲು ಬರಿಗಾಲಲ್ಲಿ ಮಂಜುಗಡ್ಡೆ ಉಜ್ಜುತ್ತಿರುವುದನ್ನು ಕಂಡಿರುತ್ತಾನೆ. ನಿನ್ನ ಸಮಾಧಾನಕ್ಕೆ ಹೇಳುತ್ತಿಲ್ಲ, ಇದನ್ನು ನಾನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಇನ್ನೊಂದಕ್ಕೆ ಮಾತ್ರ ನಿನ್ನನ್ನು ಕ್ಷಮಿಸುವುದಿಲ್ಲ. ದ್ವೇಷಿಸಲು ನನಗೆ ಒಬ್ಬಳನ್ನು ಕೊಟ್ಟೆ. ನಾನು ಅದನ್ನು ಒಂದು ವರ್ಷ ಪೂರ್ತಿ ಬಳಸಿಕೊಂಡೆ. ಗಂಡನನ್ನು ಕಳೆದುಕೊಂಡ ಹುಡುಗಿಯನ್ನು ಆ ಚಳಿಯಲ್ಲಿ ಒಂಟಿಯಾಗಿ ಬಿಟ್ಟು ಹೋದೆ, ಬೈದು ಹೋದೆ. ಮಗನಿಗೆ ಮಾಡಿದ್ದು ಗೊತ್ತಿಲ್ಲದೆ ಮಾಡಿದ್ದು. ನಿನಗೆ ಮಾಡಿದ್ದು ಗೊತ್ತಿದ್ದೇ ಮಾಡಿದ್ದು.

ಇವತ್ತು ಬೆಳಿಗ್ಗೆ ನೀನು ಮಲಗಿದ್ದಾಗ ಎದ್ದೆ. ಸರದಿ ನಿನ್ನದಿತ್ತು, ಎಬ್ಬಿಸಲಿಲ್ಲ. ಮುಂಬಾಗಿಲು ತೆಗೆದೆ. ಕೈ ಅಭ್ಯಾಸಬಲದಿಂದ ಚೊಂಬಿಗೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಮೆಟ್ಟಿಲು ಒಣಗಿತ್ತು. ಅದರ ಮೇಲೆ ಎರಡೂ ಕಾಲಿಟ್ಟು ನಿಂತೆ, ಬೆಳಕಾಗುವವರೆಗೆ. ಆಮೇಲೆ ಟಬ್‌ನ ಹತ್ತಿರ ಹೋದೆ. ಹಿಮ ಬಿದ್ದು ಹುಲ್ಲೆಲ್ಲ ಬೆಳ್ಳಗಾಗಿತ್ತು, ನೀರು ಮಾತ್ರ ನೀರಾಗಿಯೇ ಇತ್ತು. ಕೆಂಪಿ, ಚುಕ್ಕಿ ಎರಡೂ ಬಂದು ಹೊಟ್ಟೆ ತುಂಬ ಕುಡಿದವು. ಚುಕ್ಕಿ ನನ್ನ ಕೈ ಮೂಸಿತು. ನಾನು ಅಲ್ಲಿ ಜೋರಾಗಿ ಅತ್ತೆ, ನಿನಗೆ ಕೇಳಿಸಿರಬೇಕು. ಕೇಳಿಸಿಯೂ ಬರದೆ ಇದ್ದುದು ಒಳ್ಳೆಯದಾಯಿತು.

ಪರ್ತ್‌ಗೆ ಹೋಗು. ಕೆಲಸ ಸೇರು. ಭಾನುವಾರಕ್ಕೊಮ್ಮೆ ಫೋನ್ ಮಾಡು, ಇನ್ನು ಕಟ್ ಮಾಡುವುದಿಲ್ಲ.

ನೋಟ್‌ಬುಕ್ಕನ್ನು ಫ್ರಿಜ್ ಮೇಲೆ ವಾಪಸು ಇಟ್ಟಿದ್ದೇನೆ, ಅದು ನಿನ್ನದು. ಅವನು ಖಾಲಿ ಬಿಟ್ಟಿದ್ದ ಸಾಲನ್ನು ನಾನು ತುಂಬಿದ್ದೇನೆ. ಅಳಿಸಬೇಡ, ಇನ್ನೊಂದು ಸಲ ನನ್ನದನ್ನು ನೀನು ಅಳಿಸಕೂಡದು. ನೋಟ್‌ಬುಕ್ ತೆರೆಯಲು ನಿನಗೆ ಇನ್ನೂ ಧೈರ್ಯ ಬರದೆ ಇರಬಹುದು, ಅದಕ್ಕೆ ಆ ಸಾಲನ್ನು ಹೆಸರಿನ ಕೆಳಗೆ ಇಳಿಸಿದ್ದೇನೆ.

ನಿನ್ನ ಅತ್ತೆ,
ಸರಸ್ವತಿ

‘ಜುಲೈ 15, ಬೆಳಿಗ್ಗೆ. ಮೈನಸ್ 2. ಮೆಟ್ಟಿಲ ಮೇಲೆ ಗಡ್ಡೆ ಹಪ್ಪಳದಷ್ಟು. ನೀರು ಇಟ್ಟವರು: ಅಮ್ಮ.’